ಪಾದ್ರಿ ಕೊರಕಲಿನ ಎಡಬದಿ

ನನ್ನ ಕೈಬರಹ ಚೆನ್ನಾಗಿದೆ ಎಂಬುದೇ ನನಗೊಂದು ಚಿಂತೆ. ಇದೂ ಒಂದು ಚಿಂತೆಯೇ ಎಂದು ನಕ್ಕಾರೆಂದು ಯಾರಿಗೂ ಹೇಳಿಲ್ಲ. ದಿನಚರಿಯಲ್ಲಿ ಮಾತ್ರ ಬರೆದುಕೊಂಡಿದ್ದೇನೆ. ಅಕ್ಷರ ದುಂಡಗಿದ್ದರೆ ಅದು ಹೇಳುವ ಮಾತೂ ನೆಟ್ಟಗಿರುತ್ತದೆ ಎಂದು ಜನ ನಂಬಿಬಿಡುತ್ತಾರೆ. ಶಾಲೆಯಲ್ಲಿ ನನ್ನ ತಪ್ಪು ಉತ್ತರಗಳಿಗೂ ಅರ್ಧ ಅಂಕ ಬೀಳುತ್ತಿತ್ತು. ಈಗ ಗ್ಲಾಸ್ಗೋದ ದಾಖಲೆ ಕಚೇರಿಯಲ್ಲಿ ಹಳೆಯ ಇಗರ್ಜಿಗಳ ಹುಟ್ಟು-ಸಾವಿನ ಪುಸ್ತಕಗಳನ್ನು ನಕಲು ಮಾಡುವ ಕೆಲಸ ಸಿಕ್ಕಿರುವುದೂ ಇತಿಹಾಸದ ಪದವಿಯಿಂದಲ್ಲ, ಈ ಅಕ್ಷರದಿಂದ. ವಾರದ ಐದು ದಿನ ಸತ್ತವರ ಹೆಸರುಗಳ ನಡುವೆ ಕೂತಿರುತ್ತೇನೆ. ಶನಿವಾರ, ಭಾನುವಾರ ಬೆಟ್ಟ. ನಾನು ಮಾತಾಡುವವಳಲ್ಲ, ಬೆಟ್ಟದಲ್ಲಿ ಅದು ದೋಷವಲ್ಲ. ಗಾಳಿ ಬೀಸುವಾಗ ಅಲ್ಲಿ ಯಾರೂ ಮಾತಾಡುವುದಿಲ್ಲ.

ನಮ್ಮ ಕ್ಲಬ್ಬಿಗೆ ಉತ್ತರದ ಕಣಿವೆಯೊಂದರಲ್ಲಿ ಕಲ್ಲಿನ ಮನೆಯಿದೆ. ಹಿಂದೆ ಕುರಿಗಾಹಿಯೊಬ್ಬನದಾಗಿತ್ತು. ಕೆಳಗೆ ಒಲೆ ಮತ್ತು ಉದ್ದನೆಯ ಮೇಜು, ಮೇಲೆ ಸಾಲಾಗಿ ಮಲಗುವ ಹಲಗೆ. ಒಲೆಯ ಪಕ್ಕದ ಕಪಾಟಿನಲ್ಲಿ ಪುಸ್ತಕ. ಅದಕ್ಕೆ ಬೇರೆ ಹೆಸರಿಲ್ಲ, ಅಲ್ಲಿ ಪುಸ್ತಕವೆಂದರೆ ಅದೊಂದೇ. ಬೆಟ್ಟದಿಂದ ಇಳಿದವರು ಬೂಟು ಬಿಚ್ಚುವ ಮೊದಲು ಅದರಲ್ಲಿ ಬರೆಯಬೇಕು: ಯಾವ ದಿನ, ಯಾವ ಕೊರಕಲು, ಯಾರು ಯಾರು, ಹಿಮ ಹೇಗಿತ್ತು. ಕೊರಕಲು ಎಂದರೆ ಬಂಡೆಗೋಡೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿದ ಓಣಿ. ಚಳಿಗಾಲದಲ್ಲಿ ಹಿಮ ತುಂಬಿ ಏಣಿಯಾಗುತ್ತದೆ. ಪುಸ್ತಕದಲ್ಲಿ ಬರೆದದ್ದನ್ನು ಯಾರೂ ಪ್ರಶ್ನಿಸುವಂತಿಲ್ಲ. ಹೀಗೆಂದು ಗೋಡೆಯ ಮೇಲೆ ನಿಯಮವೇನೂ ಹಾಕಿಲ್ಲ. ಆದರೆ ಒಬ್ಬನ ಬರಹವನ್ನು ಅನುಮಾನಿಸುವುದೆಂದರೆ ಅವನು ಹಿಡಿದ ಹಗ್ಗವನ್ನು ಅನುಮಾನಿಸಿದ ಹಾಗೆ. ಆಮೇಲೆ ಆ ಮೇಜಿನಲ್ಲಿ ಒಟ್ಟಿಗೆ ಕೂತು ಸೂಪು ಕುಡಿಯಲಾಗದು.

ಹೊಸಬರನ್ನು ಯಾವ ಕೊರಕಲಿಗೆ ಕಳಿಸಬೇಕೆಂದು ಆರಿಸುವವರು ಮರ್ಡೋ. ಮೂವತ್ತೊಂದು ಚಳಿಗಾಲ ಅವರೇ ಆರಿಸಿದ್ದಾರೆ. ಅಂಚೆ ಹಂಚಿ ನಿವೃತ್ತರಾದವರು, ಅರವತ್ತೆಂಟು ವಯಸ್ಸು, ಬಲಮಂಡಿ ಸವೆದುಹೋಗಿದೆ. ಅವರ ಬಳಿ ಬಿಸ್ಕತ್ತಿನ ತಗಡು ಡಬ್ಬಿಯೊಂದಿದೆ. ಅದರೊಳಗೆ ತಗಡಿನ ಬಿಲ್ಲೆಗಳು, ಒಂದೊಂದರ ಮೇಲೆ ಒಂದೊಂದು ಕೊರಕಲಿನ ಹೆಸರು. ಶುಕ್ರವಾರ ಸಂಜೆ ಅವರು ಕಣಿವೆಯ ರಸ್ತೆಬದಿಯ ಫೋನ್ ಗೂಡಿನಿಂದ ಹವಾಮಾನ ಕಚೇರಿಗೆ ಫೋನ್ ಮಾಡಿ ಬರುತ್ತಾರೆ. ಪುಸ್ತಕದ ಹಿಂದಿನ ಎರಡು ವಾರವನ್ನು ಬೆರಳಿಟ್ಟು ಓದುತ್ತಾರೆ. ಆಮೇಲೆ ಬಿಲ್ಲೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದಕ್ಕೂ ಒಂದೊಂದು ಕಾರಣ ಹೇಳುತ್ತ ಡಬ್ಬಿಗೆ ವಾಪಸು ಹಾಕುತ್ತಾರೆ. ಕೊನೆಗೆ ಮೇಜಿನ ಮೇಲೆ ಉಳಿದದ್ದು ಹೊಸಬರಿಗೆ.

ಎಂಬತ್ತಾರರ ಫೆಬ್ರವರಿಯ ಆರಂಭದಲ್ಲಿ ನೈರುತ್ಯದಿಂದ ಎರಡು ದಿನ ಬಿರುಗಾಳಿ ಬೀಸಿ ಶನಿವಾರ ನಿಂತಿತು. ಭಾನುವಾರ ನಾನು ಮತ್ತು ಗ್ರೆಗರ್ ಇಬ್ಬರೇ ಪಾದ್ರಿ ಕೊರಕಲಿಗೆ ಹೋದೆವು. ಹಿಂದೊಮ್ಮೆ ಪಾದ್ರಿಯೊಬ್ಬರು ಅದರ ತುದಿಯಿಂದ ಬುಡದವರೆಗೆ ಕೂತಲ್ಲೇ ಜಾರಿಬಂದು, ಎದ್ದು ಪ್ಯಾಂಟು ಕೊಡವಿಕೊಂಡು, ಸಂಜೆಯ ಪ್ರಾರ್ಥನೆಗೆ ಹೊತ್ತಿಗೆ ಸರಿಯಾಗಿ ಹಾಜರಾದರಂತೆ. ಅದು ಅಷ್ಟು ಸುಲಭ ಎಂದು ಹೇಳುವುದಕ್ಕೆ ಈ ಕತೆ.

ಗ್ರೆಗರ್ ಹಡಗುಕಟ್ಟೆಯಲ್ಲಿ ನಕ್ಷೆ ಬರೆಯುವವನು, ನನಗಿಂತ ಮೂರು ವರ್ಷ ದೊಡ್ಡವನು. ಇಡೀ ಕ್ಲಬ್ಬಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದು ಜೊತೆಗೆ ಹತ್ತಿಸಿಕೊಂಡು ಹೋಗುತ್ತಿದ್ದವನು ಅವನೊಬ್ಬನೇ. "ನೀನು ಬಾ. ನೀನಿದ್ರೆ ತಲೆ ತಿನ್ನೋರು ಇರಲ್ಲ" ಎನ್ನುತ್ತಿದ್ದ. ಅದನ್ನು ನಾನು ಹೊಗಳಿಕೆ ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಪಾದ್ರಿ ಕೊರಕಲಿನ ಮುಕ್ಕಾಲು ಎತ್ತರದಲ್ಲಿ ಎರಡು ಬಂಡೆಗಳು ಹತ್ತಿರ ಬಂದು ಓಣಿ ಕೊರಳಿನಂತೆ ಕಿರಿದಾಗುತ್ತದೆ. ಅದನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದೆ. ಕಾಲಕೆಳಗೆ ಖಾಲಿ ಪೀಪಾಯಿಯನ್ನು ಗುದ್ದಿದಂಥ ಸದ್ದು. ನನ್ನ ಬೂಟಿನಿಂದ ಹೊರಟ ಸಣ್ಣ ಬಿರುಕೊಂದು ಎಡಗಡೆಯ ಬಂಡೆಯವರೆಗೂ ಓಡಿತು. ಮೇಲಿದ್ದ ಗ್ರೆಗರ್ ತಿರುಗಿ ನೋಡಿ, ಇಗರ್ಜಿಯಲ್ಲಿ ಪಿಸುಗುಟ್ಟುವ ದನಿಯಲ್ಲಿ "ಇಳಿ" ಅಂದ. ಇಳಿದೆವು. ಅವನು ಮಾಡಿದ್ದು ಸರಿ. ಬೆಟ್ಟದ ಮೇಲೆ ಅವನು ಆ ದಿನ ಒಂದು ತಪ್ಪೂ ಮಾಡಲಿಲ್ಲ. "ಕೊರಳಿನ ಮೇಲೆ ಟೊಳ್ಳು ಹಿಮ. ಗಾಳಿ ತಂದು ಒತ್ತಿಟ್ಟ ಹಲಗೆ. ವಾಪಸು" ಎಂದು ನನ್ನ ದಿನಚರಿಯಲ್ಲಿದೆ.

ಕಲ್ಲುಮನೆಯಲ್ಲಿ ಅವನು ಪುಸ್ತಕ ತೆಗೆದು ನನ್ನ ಮುಂದಿಟ್ಟ.

"ಬರಿ. ಭಾನುವಾರ. ಪಾದ್ರಿ ಕೊರಕಲು. ನಾನು, ನೀನು."

"ಹತ್ತಿಲ್ವಲ್ಲ."

"ಮುಕ್ಕಾಲು ಹತ್ತಿದ್ವಲ್ಲ. ಉಳಿದಿದ್ದು ಎಷ್ಟು, ಎಪ್ಪತ್ತು ಎಂಬತ್ತು ಹೆಜ್ಜೆ. ಈ ಚಳಿಗಾಲದಲ್ಲಿ ನಂದು ಐದಾಗಿದೆ ಕಣೇ. ಆರಾದ್ರೆ ಮುಂದಿನ ವಾರ ಹೊಸಬರನ್ನ ಕರ್ಕೊಂಡು ಹೋಗಕ್ಕೆ ನಂಗೂ ಬಿಡ್ತಾರೆ. ಬರೆದ್ರೆ ಯಾರ ಗಂಟು ಹೋಗುತ್ತೆ?"

ಬರೆದೆ. ದಿನ, ಕೊರಕಲು, ಎರಡು ಹೆಸರು. ಬರೆದ ಮೇಲೆ ನೋಡಿದರೆ ಆ ಸಾಲು ಬೋಳಾಗಿ ಕಂಡಿತು. ಅದರ ಮೇಲಿನ ಸಾಲುಗಳಲ್ಲೆಲ್ಲ ಹಿಮದ ಮಾತಿತ್ತು, ಮಂಜುಗಡ್ಡೆಯ ಮಾತಿತ್ತು. ನಮ್ಮದು ಮಾತ್ರ ಬಾಯಿ ಮುಚ್ಚಿಕೊಂಡು ನಿಂತ ಕಳ್ಳನಂತಿತ್ತು. ಗ್ರೆಗರ್ ಕೇಳಿರಲಿಲ್ಲ. ನಾನೇ ಸೇರಿಸಿದೆ: "ಹಿಮ ಗಟ್ಟಿ. ತುದಿಯ ಅಂಚಿನಲ್ಲಿ ಸೂರಿನಂತೆ ಚಾಚಿಕೊಂಡ ಹಿಮ ಎಡಬದಿಯಲ್ಲಿ ಚಿಕ್ಕದು. ಅಲ್ಲಿಂದ ಸಲೀಸಾಗಿ ದಾಟಬಹುದು."

ಅವನು ಹೆಗಲ ಮೇಲಿಂದ ಬಗ್ಗಿ ಓದಿ ನಕ್ಕ. "ನೀನು ಕತೆ ಬರೀಬೇಕಿತ್ತು ಮಾರಾಯ್ತಿ."

ಒಪ್ಪಿಕೊಳ್ಳುತ್ತೇನೆ, ಆಗ ನನಗೆ ಖುಷಿಯೇ ಆಯಿತು.

ಮುಂದಿನ ಶುಕ್ರವಾರ ಹೊಸಬರು ಐವರು ಬಂದರು. ನಾಲ್ವರು ಕಾಲೇಜು ಹುಡುಗರು, ಐದನೆಯವರು ಲೋರ್ನಾ. ನಲವತ್ತಾರು ವಯಸ್ಸು, ಪೇಸ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡುವವರು. ಮಗಳು ಮದುವೆಯಾಗಿ ಹೋದಮೇಲೆ ಮನೆಯಲ್ಲಿ ಟೀವಿ ನೋಡಿ ನೋಡಿ ಸಾಕಾಗಿ ಬಂದೆ ಎಂದರು. ದೊಡ್ಡ ಪಾತ್ರೆಯ ತುಂಬ ಬೇಳೆ ಸೂಪು ಹೊತ್ತು ತಂದಿದ್ದರು. ಬಂದು ಹತ್ತು ನಿಮಿಷದಲ್ಲಿ ಒಲೆ ಅವರ ಸ್ವಾಧೀನವಾಗಿತ್ತು.

"ಈ ಸೌಟು ಯಾರದ್ದು? ಇದನ್ನ ತೊಳೆದು ಎಷ್ಟು ತಲೆಮಾರಾಯ್ತು?" ಎಂದು ಕೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ. "ಪುಟ್ಟಿ, ನೀನು ಯಾಕೆ ಮೂಲೇಲಿ ಕೂತಿದ್ದೀಯ? ಬಾ, ಬ್ರೆಡ್ ಕುಯ್ಯಿ" ಎಂದು ನನ್ನನ್ನು ಎಬ್ಬಿಸಿದರು. ಆ ಮನೆಯಲ್ಲಿ ನನ್ನನ್ನು ಮೂಲೆಯಿಂದ ಎಬ್ಬಿಸಿದ ಮೊದಲನೆಯವರು ಅವರು.

ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿ ಮರ್ಡೋ ಬಿಲ್ಲೆಗಳನ್ನು ಸುರಿದರು. ಹೊಸಬರು ಸುತ್ತ ನಿಂತರು.

"ಇದು ಉದ್ದ ಕೊರಕಲು. ಸುಲಭಾನೇ. ಆದ್ರೆ ಬುಡದಲ್ಲಿ ಬಂಡೆಗಳು. ಜಾರಿದೋರು ಹಿಮದ ಮೇಲೆ ಹೋಗಿ ನಿಲ್ಲಬೇಕು, ಬಂಡೆಗೆ ಬಡಿದು ಅಲ್ಲ." ಬಿಲ್ಲೆ ಡಬ್ಬಿಗೆ ಬಿತ್ತು. "ಇದರ ಮಧ್ಯೆ ಮಂಜುಗಡ್ಡೆ ಮೆಟ್ಟಿಲಿದೆ, ಆಳುದ್ದ. ಹೊಸಬರು ಅಲ್ಲಿ ನಿಂತ್ರೆ ಕಾಲು ಹೊಲಿಗೆ ಮಿಷನ್ ಆಗುತ್ತೆ." ಅದೂ ಡಬ್ಬಿಗೆ. "ಇದಕ್ಕೆ ಮಧ್ಯದಲ್ಲಿ ಹೆದರಿದ್ರೆ ಪಕ್ಕಕ್ಕೆ ಹೊರಬೀಳೋ ದಾರಿ ಇಲ್ಲ."

ಒಬ್ಬ ಹುಡುಗ ಕೇಳಿದ, "ಎಲ್ಲಕ್ಕಿಂತ ಸುಲಭ ಯಾವ್ದು ಅಂತ ಬರೆದಿಟ್ಕೊಂಡ್ರೆ ಆಯ್ತಲ್ಲ?"

"ಸುಲಭ ಅನ್ನೋದು ಬೆಟ್ಟದ ಗುಣ ಅಲ್ಲಪ್ಪ, ಆ ದಿನದ ಗುಣ. ಕಡಿದಾದ ಕೊರಕಲು ಬಿದ್ದ ಹಿಮಾನ ಆಗಾಗ್ಗೆ ಕೊಡವಿಕೊಂಡು ಬಿಡುತ್ತೆ. ಈ ಸುಲಭದವು ಇದ್ದಾವಲ್ಲ, ಇವು ಕೂಡಿಟ್ಕೊಳ್ತವೆ. ಒಂದಿನ ಎಲ್ಲಾನೂ ಒಟ್ಟಿಗೆ ಬಿಡ್ತವೆ."

ಕೊನೆಗೆ ಎರಡು ಉಳಿದವು: ಅಜ್ಜಿ ಕೊರಕಲು, ಪಾದ್ರಿ ಕೊರಕಲು.

"ಅಜ್ಜಿಗೆ ಎರಡು ತಂಡ ಸಾಕು, ನಾಲ್ಕು ಜನ ಹೊಸಬರು. ಇನ್ನೊಂದು ತಂಡ ಹಿಂದೆ ಹೋದ್ರೆ ಮೇಲಿನೋರು ಒದ್ದ ಮಂಜುಗಡ್ಡೆ ಎಲ್ಲ ಇವರ ತಲೆ ಮೇಲೆ." ಅವರು ಪುಸ್ತಕ ಎಳೆದುಕೊಂಡರು. "ಪಾದ್ರಿ. ಇದು ಈಶಾನ್ಯಕ್ಕೆ ಮುಖ. ನೈರುತ್ಯದ ಗಾಳಿ ಹಿಮಾನೆಲ್ಲ ತಂದು ಸುರಿಯೋದು ಇಲ್ಲಿಗೇ. ಬಿರುಗಾಳಿ ಆದ್ಮೇಲೆ ಯಾರೂ ಹತ್ತದ ಕೊರಕಲಿಗೆ ನಾನು ಹೊಸಬರನ್ನ ಕಳ್ಸಲ್ಲ. ಇದೊಂದು ನನ್ನ ಹಠ." ಬೆರಳು ಕೆಳಗಿಳಿದು ನನ್ನ ಸಾಲಿನ ಮೇಲೆ ನಿಂತಿತು. ಅವರು ಅದನ್ನು ಗಟ್ಟಿಯಾಗಿ ಓದಿದರು. ನನ್ನ ವಾಕ್ಯ ಆ ಮನೆಯಲ್ಲಿ ಬಹಳ ಚೆನ್ನಾಗಿ ಕೇಳಿಸಿತು.

"ನೋಡಿ, ಬರೆದ್ರೆ ಹೀಗೆ ಬರೀಬೇಕು" ಎಂದು ಹುಡುಗರಿಗೆ ತೋರಿಸಿದರು. "ಹಿಮ ಹೇಗಿದೆ, ತುದೀಲಿ ಏನಿದೆ, ಯಾವ ಕಡೆಯಿಂದ ದಾಟಬೇಕು. ಕಣ್ಣಿಗೆ ಕಟ್ಟಿದ ಹಾಗಿದೆ. ಹಿಮ ಕೂತುಬಿಟ್ಟಿದೆ ಅಂತಾಯ್ತು. ವಾರವೆಲ್ಲ ಚಳಿ ಇತ್ತು, ಹೊಸ ಹಿಮ ಬಿದ್ದಿಲ್ಲ. ಭಾನುವಾರ ಹೇಗಿತ್ತೋ ನಾಳೇನೂ ಹಾಗೇ ಇರುತ್ತೆ."

ಹಾಗೇ ಇತ್ತು.

"ಗ್ರೆಗರ್, ದಾರಿ ನಿಂಗೆ ಗೊತ್ತು. ಲೋರ್ನಾನ ನೀನು ಕರ್ಕೊಂಡು ಹೋಗು. ಹಿಂದೆ ಇಶ್ಬೆಲ್ ಇರಲಿ" ಎಂದು ನನ್ನತ್ತ ಕೈ ತೋರಿದರು.

ಬ್ರೆಡ್ ಕುಯ್ಯುವ ಚಾಕು ಇನ್ನೂ ನನ್ನ ಕೈಯಲ್ಲಿತ್ತು. ಬಾಯಿ ತೆರೆದೆ. "ಎಲ್ರೂ ಅಜ್ಜಿ ಕೊರಕಲಿಗೇ ಹೋದ್ರೆ..."

ಮರ್ಡೋ ಕನ್ನಡಕದ ಮೇಲಿಂದ ನೋಡಿದರು. "ಯಾಕೆ ಮಗಳೇ?"

ಎಲ್ಲರೂ ನನ್ನತ್ತ ತಿರುಗಿದರು. "ಸುಮ್ನೆ ಕೇಳ್ದೆ" ಅಂದೆ.

ಪಾದ್ರಿ ಜಾರಿದ ಕತೆ ಕೇಳಿ ಲೋರ್ನಾ ಮೇಜು ಬಡಿದು ನಕ್ಕರು. "ನಂಗೆ ಅದೇ ಇರಲಿ. ಪಾದ್ರಿ ಪ್ಯಾಂಟಿಗಿಂತ ನನ್ನ ಪ್ಯಾಂಟು ಗಟ್ಟಿ ಇದೆ."

ಬೂಟು ಒಣಗಿಸುವ ಜಾಗದಲ್ಲಿ ಗ್ರೆಗರನನ್ನು ಹಿಡಿದೆ. ಅವನ ಮುಖದಲ್ಲೂ ರಕ್ತವಿರಲಿಲ್ಲ, ಆದರೆ ಮಾತು ತಯಾರಿತ್ತು.

"ಕೊರಳಿನ ತನಕ ಹೋಗೋಣ. ನೋಡೋಣ. ಸರಿ ಇಲ್ದಿದ್ರೆ ಗಾಳಿ ಜಾಸ್ತಿ ಆಯ್ತು ಅಂತ ವಾಪಸ್ ಬರೋಣ. ಅಷ್ಟೇ ತಾನೇ?"

"ಮರ್ಡೋಗೆ ಹೇಳ್ಬಿಡು."

"ಏನಂತ? ಪುಸ್ತಕದಲ್ಲಿ ಸುಳ್ಳು ಬರೆದ್ವಿ ಅಂತಲಾ? ನಾಳೆಯಿಂದ ನನ್ನನ್ನ ಯಾರೂ ಹಗ್ಗಕ್ಕೆ ಕಟ್ಕೊಳ್ಳಲ್ಲ. ನಿನ್ನನ್ನ ಅಂತೂ ಮೊದಲೇ ಯಾರೂ ಕರೀತಿರ್ಲಿಲ್ಲ." ಅಷ್ಟು ಹೇಳಿ, ಅದು ನನಗೆ ನಾಟಿದ್ದನ್ನು ನೋಡಿ, ದನಿ ಇಳಿಸಿದ. "ಕೊರಳಿನ ತನಕ ಕಣೇ. ಮಾತು ಕೊಡ್ತೀನಿ."

ಮಾತು ಉಳಿಸಿಕೊಂಡ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಶನಿವಾರ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಮಂಡಿಯ ದೆಸೆಯಿಂದ ಮರ್ಡೋ ಕೊರಕಲುಗಳ ಬುಡದ ದೊಡ್ಡ ಬಂಡೆಯ ಬಳಿ ದುರ್ಬೀನು ಹಿಡಿದು ನಿಂತರು. ನಾವು ಹೊರಟೆವು. ಮುಂದೆ ಗ್ರೆಗರ್ ಹಿಮದಲ್ಲಿ ಮೆಟ್ಟಿಲು ಒದೆಯುತ್ತಿದ್ದ, ಲೋರ್ನಾ ಅದರಲ್ಲಿ ಕಾಲಿಟ್ಟು ಹತ್ತುತ್ತಿದ್ದರು, ಕೊನೆಗೆ ನಾನು. ಕೊರಳು ದಾಟಿ ಕಡಿದಾದ ಮೇಲೆ ಹಗ್ಗ ಕಟ್ಟಿಕೊಳ್ಳುವುದೆಂದು ಮಾತಾಗಿತ್ತು.

"ನಾನೂರು ಮಕ್ಕಳಿಗೆ ಆಲೂಗಡ್ಡೆ ಹಿಸುಕಿ ಹಾಕೋಳು ನಾನು" ಎಂದು ಲೋರ್ನಾ ಏದುಸಿರಿನ ನಡುವೆಯೂ ಮಾತಾಡುತ್ತಿದ್ದರು. "ಈ ಹಿಮ ನನ್ನ ಆಲೂಗಡ್ಡೆಗಿಂತ ನುಣ್ಣಗಿದೆ. ಯಾರಿಗೂ ಹೇಳ್ಬೇಡ ಪುಟ್ಟಿ."

ಕೊರಳಿನ ಬಂಡೆಯ ಮರೆಯಲ್ಲಿ ನಾನು ನಿಂತೆ. ಗ್ರೆಗರ್ ಅದನ್ನು ದಾಟಿ ಹತ್ತು ಹೆಜ್ಜೆ ಹೋಗಿ, ಹಿಮ ಹತ್ತುವಾಗ ಹಿಡಿಯುವ ಕೊಡಲಿಯ ಹಿಡಿಯನ್ನು ಹಿಮಕ್ಕೆ ಚುಚ್ಚಿ ನೋಡಿದ. ಅದೇ ಟೊಳ್ಳು ಸದ್ದು ನನಗೂ ಕೇಳಿಸಿತು. ಅವನು ತಿರುಗಿದ.

"ಇಲ್ಲಿಗೆ ಸಾಕು. ವಾಪಸ್ ಹೋಗೋಣ."

"ಯಾಕಪ್ಪಾ?" ಲೋರ್ನಾ ಅವನಿಗಿಂತ ನಾಲ್ಕು ಹೆಜ್ಜೆ ಕೆಳಗಿದ್ದರು. "ನಂಗೇನೂ ಸುಸ್ತಾಗಿಲ್ಲ."

"ಗಾಳಿ..."

"ಎಲ್ಲಿದೆ ಗಾಳಿ? ಬೆಂಕಿಕಡ್ಡಿ ಗೀರಿದ್ರೂ ಆರಲ್ಲ. ನಾನು ವಯಸ್ಸಾದೋಳು ಅಂತ ವಾಪಸ್ ಕರ್ಕೊಂಡು ಹೋಗ್ತಿದ್ದೀಯ, ಅಲ್ವಾ? ನಿಜ ಹೇಳು." ಅವರ ಮುಖದಲ್ಲಿ ಮೊದಲ ಬಾರಿಗೆ ನಗುವಿರಲಿಲ್ಲ. "ನೀವಿಬ್ರೂ ಭಾನುವಾರ ಹತ್ತಿದ್ದೀರಿ. ಹಿಮ ಗಟ್ಟಿ, ಎಡಗಡೆಯಿಂದ ಸಲೀಸು. ನಾನು ರಾತ್ರಿ ಎರಡು ಸಲ ಓದಿ ಬಾಯಿಪಾಠ ಮಾಡ್ಕೊಂಡಿದ್ದೀನಿ. ಅಲ್ವಾ ಪುಟ್ಟಿ?"

ಅವರು ಕೆಳಗೆ ತಿರುಗಿ ನನ್ನನ್ನು ನೋಡಿದರು. ಮೇಲಿನಿಂದ ಗ್ರೆಗರ್ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಬೆದರಿಕೆ ಇತ್ತೋ ಬೇಡಿಕೆ ಇತ್ತೋ, ಇಷ್ಟು ದಿನ ಯೋಚಿಸಿಯೂ ನನಗೆ ಗೊತ್ತಾಗಿಲ್ಲ. ನಾನು ಹೇಳಿಬಿಡಲಿ ಎಂದೇ ಅವನು ಕಾದಿದ್ದನೇನೋ. ನಾನು ಬಗ್ಗಿ ಬೂಟಿನ ಉಕ್ಕಿನ ಹಲ್ಲುಗಳ ಪಟ್ಟಿಯನ್ನು ಬಿಗಿ ಮಾಡಿದೆ. ಅದು ಬಿಗಿಯಾಗಿಯೇ ಇತ್ತು.

ತಲೆ ಎತ್ತುವಾಗ ಗ್ರೆಗರ್ ಮೇಲಕ್ಕೆ ತಿರುಗಿ ಎಡಗಡೆಗೆ ಹೆಜ್ಜೆ ಹಾಕುತ್ತಿದ್ದ.

ಹಿಮ ಒಡೆದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒಗೆದ ದೊಡ್ಡ ಚಾದರವನ್ನು ಒಮ್ಮೆ ಕೊಡವಿದಷ್ಟೇ. ಗ್ರೆಗರ್ ಬಂಡೆಯ ಅಂಚಿಗೆ ಹಾರಿ, ಕೊಡಲಿ ಹೂತು ಹಿಡಿದುಕೊಂಡ. ಅವನ ಕೆಳಗಿನ ಇಳಿಜಾರು ಇಡಿಯಾಗಿ ಒಂದು ಹಲಗೆಯಂತೆ ಹೊರಟಿತು. ಲೋರ್ನಾ ಅದರ ಮೇಲೆ ಕೂತಂತೆಯೇ ನನ್ನ ಪಕ್ಕದಿಂದ ಹಾದುಹೋದರು. ಕೈಚಾಚಿದ್ದರೆ ತಾಗುತ್ತಿದ್ದರೇನೋ. ಆಮೇಲೆ ಹಲಗೆ ಚೂರುಚೂರಾಯಿತು, ಅವರು ಕಾಣಲಿಲ್ಲ.

ಗ್ರೆಗರ್ ಹೇಗೆ ಇಳಿದನೋ ತಿಳಿಯದು. ಕೆಳಗೆ ಹಿಮದಿಂದ ಕೆಂಪು ಕೈಗವುಸೊಂದು ಹೊರಗೆ ಕಾಣುತ್ತಿತ್ತು. ಅವನೂ, ಕುಂಟುತ್ತ ಓಡಿಬಂದ ಮರ್ಡೋ ಅವರೂ, ನಾನೂ ಅಗೆದೆವು. ಮುಖ ಹೊರಬಂದಾಗ ನೀಲಿಯಾಗಿತ್ತು, ಉಸಿರಿತ್ತು. ಅಜ್ಜಿ ಕೊರಕಲಿನಿಂದ ಇಳಿದ ಹುಡುಗನೊಬ್ಬ ಫೋನ್ ಗೂಡಿಗೆ ಓಡಿದ. ಹೆಲಿಕಾಪ್ಟರ್ ಬರಲು ಎರಡು ಗಂಟೆಯಾಯಿತು. ಸೊಂಟದ ಮೂಳೆ ಮುರಿದಿತ್ತು, ಎಡಗಾಲು ಮೂರು ಕಡೆ. ಆ ಎರಡು ಗಂಟೆಯೂ ಮರ್ಡೋ ತಮ್ಮ ಕೋಟನ್ನು ಅವರಿಗೆ ಹೊದಿಸಿ, ಅಂಗಿಯಲ್ಲೇ ಹಿಮದ ಮೇಲೆ ಕೂತು, "ನಾನು ಕಳಿಸ್ದೆ, ನಾನು ಕಳಿಸ್ದೆ" ಎನ್ನುತ್ತಿದ್ದರು. ಗ್ರೆಗರ್ ಏನೂ ಹೇಳಲಿಲ್ಲ. ನಾನು ಹೇಗೂ ಮಾತಾಡುವವಳಲ್ಲ.

ಹದಿನೈದು ದಿನದ ಮೇಲೆ ಆಸ್ಪತ್ರೆಗೆ ಹೋದೆ. ಸಕ್ಕರೆ, ಬೆಣ್ಣೆ ಹಾಕಿ ನನ್ನಮ್ಮ ಮಾಡುವ ಗಟ್ಟಿ ಮಿಠಾಯಿ ಒಂದು ಪೊಟ್ಟಣ ಕೊಂಡೊಯ್ದಿದ್ದೆ. ಲೋರ್ನಾರ ಕಾಲನ್ನು ರಾಟೆಗೆ ಕಟ್ಟಿ ಎತ್ತಿದ್ದರು.

"ಬಾ ಪುಟ್ಟಿ. ನೋಡು, ನನ್ನ ಕಾಲು ಮಾತ್ರ ಇನ್ನೂ ಬೆಟ್ಟ ಹತ್ತುತ್ತಾ ಇದೆ." ಮಿಠಾಯಿ ಮುರಿದು ನನಗೇ ಮೊದಲು ಕೊಟ್ಟರು. "ಕಾಲು ಎರಡು ಬೆರಳಷ್ಟು ಗಿಡ್ಡ ಆಗುತ್ತಂತೆ. ಅಡುಗೆಮನೇಲಿ ದಿನಾ ಆರು ಗಂಟೆ ನಿಲ್ಲೋ ಕೆಲಸ ಇನ್ನು ಆಗಲ್ಲ ಅಂದ್ರು ಡಾಕ್ಟ್ರು. ಹೋಗ್ಲಿ ಬಿಡು. ಆ ಮಕ್ಕಳೂ ನನ್ನ ಅಡುಗೇನ ಬಯ್ಕೊಂಡೇ ತಿಂತಿದ್ವು."

ನಾನು ಚಾದರದ ಅಂಚನ್ನು ನೋಡುತ್ತ ಕೂತಿದ್ದೆ.

"ಪಾಪ, ಆ ಮುದುಕಪ್ಪ ಮೂರು ಸಲ ಬಂದ. ಬಂದು ಕೂತು ಅಳ್ತಾನೆ. ನಾನೇ ಅವನಿಗೆ ಸಮಾಧಾನ ಹೇಳ್ಬೇಕು." ಅವರು ಮಿಠಾಯಿಯ ಪೊಟ್ಟಣ ಮಡಚಿಟ್ಟರು. "ಅವಂದಲ್ಲ ತಪ್ಪು, ಗೊತ್ತಾ. ಆ ಹುಡುಗ ವಾಪಸ್ ಹೋಗೋಣ ಅಂದ. ನಾನೇ ಕೆಣಕಿದ್ದು. ನನ್ನ ಬಾಯಿ ಯಾವತ್ತೂ ಹೀಗೇ, ಮುಚ್ಚೋ ಹೊತ್ತಲ್ಲಿ ಮುಚ್ಚಲ್ಲ. ನಿನ್ನ ಹಾಗೆ ಇರ್ಬೇಕಿತ್ತು ನಾನು."

"ನಿಮ್ದೇನೂ ತಪ್ಪಿಲ್ಲ" ಅಂದೆ. ಮಿಠಾಯಿ ಬಾಯಲ್ಲಿತ್ತು. ಅದನ್ನು ಉಗಿಯಲೂ ಇಲ್ಲ, ನುಂಗಲೂ ಇಲ್ಲ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅದು ದವಡೆಯಲ್ಲೇ ಕರಗುತ್ತಿತ್ತು.

ಮಾರ್ಚ್ ಎರಡನೇ ಬುಧವಾರ ಕ್ಲಬ್ಬಿನ ಸಭೆ. ಪಬ್ಬೊಂದರ ಮಹಡಿಯ ಕೋಣೆಯಲ್ಲಿ ಒಂಬತ್ತು ಜನ. ಅಧ್ಯಕ್ಷೆ ಡೇವಿನಾ ವಕೀಲೆ. ಏನಾದರೂ ತೀರ್ಮಾನ ಬರಹದಲ್ಲಿ ಬೇಕು ಎಂದರು. ಬರೆದುಕೊಳ್ಳುವುದು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಪೆನ್ನು, ಹಾಳೆ ತಾವಾಗಿಯೇ ನನ್ನ ಮುಂದೆ ಬಂದು ಕೂತವು. ಪುಸ್ತಕವನ್ನೂ ಕಲ್ಲುಮನೆಯಿಂದ ತರಿಸಿದ್ದರು. ಅದು ಮೇಜಿನ ನಡುವೆ, ನನ್ನ ಪುಟ ತೆರೆದುಕೊಂಡು ಬಿದ್ದಿತ್ತು.

ಗ್ರೆಗರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. "ಆರು ದಿನದಲ್ಲಿ ಹಿಮ ಬದಲಾಗಿತ್ತು. ಅದು ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ಲ" ಅಂದ. ಯಾರೋ ಅವನ ಬೆನ್ನು ತಟ್ಟಿದರು. ಅವನು ಬರಿಗೈಯಲ್ಲಿ ಅಗೆದದ್ದನ್ನು ಎಲ್ಲರೂ ಮಾತಾಡಿಕೊಂಡಿದ್ದರು. ಅಗೆದದ್ದು ನಿಜ. ಎರಡು ಉಗುರು ಇನ್ನೂ ಕಪ್ಪಗಿದ್ದವು.

ಮರ್ಡೋ ಎದ್ದು ನಿಂತರು. ಒಂದು ತಿಂಗಳಲ್ಲಿ ಅವರ ಕೋಟು ಅವರಿಗೆ ದೊಡ್ಡದಾಗಿತ್ತು.

"ಗೊತ್ತಾಗೋ ಹಾಗಿತ್ತು. ಈಶಾನ್ಯದ ಮುಖ, ನೈರುತ್ಯದ ಗಾಳಿ. ಮೂವತ್ತೊಂದು ವರ್ಷದಿಂದ ನಾನೇ ಎಲ್ರಿಗೂ ಹೇಳ್ಕೊಡ್ತಾ ಬಂದಿರೋದು. ಪುಸ್ತಕದಲ್ಲಿ ಈ ಮಕ್ಕಳು ಸರಿಯಾಗೇ ಬರೆದಿದ್ರು. ಭಾನುವಾರ ಗಟ್ಟಿ ಇದ್ದಿದ್ದು ಶನಿವಾರ ಯಾಕೆ ಇರ್ಲಿಲ್ಲ ಅಂತ ನಂಗಿನ್ನೂ ತಿಳೀತಿಲ್ಲ. ತಿಳೀದೇ ಇರೋನು ಆರಿಸ್ಬಾರ್ದು. ದಿನಾ ಅದೇ ಲೆಕ್ಕ ಹಾಕ್ತೀನಿ. ಎಲ್ಲಿ ತಪ್ಪಿದೆ ಅಂತ ಸಿಗ್ತಾನೇ ಇಲ್ಲ." ಅವರು ಕೋಟಿನೊಳಗಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಬಿಲ್ಲೆಗಳು ಸದ್ದು ಮಾಡಿದವು. "ಇದು ಯಾರ ಕೈಗಾದ್ರೂ ಹೋಗ್ಲಿ. ನಾನು ಇನ್ನು ಆ ಮನೆಗೆ ಬರಲ್ಲ."

ಯಾರೂ ಅವರ ಮುಖ ನೋಡಲಿ‌ಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಹೇಳದೆ ಇದ್ದದ್ದು ಅವರಿಗೆ ಕೇಳಿಸಿತು ಎಂದು ನನಗೆ ಗೊತ್ತಾಯಿತು, ಏಕೆಂದರೆ ಅವರು ಬೇಗ ಕೂತುಬಿಟ್ಟರು.

"ಹಾಗಾದ್ರೆ ಮುಂದಿನ ಚಳಿಗಾಲದಿಂದ ಗ್ರೆಗರ್ ನೋಡ್ಕೊಳ್ಳಲಿ" ಎಂದರು ಡೇವಿನಾ. ಡಬ್ಬಿಯನ್ನು ಅವನತ್ತ ಸರಿಸಿದರು. ಗ್ರೆಗರ್ ಅದನ್ನು ಮುಟ್ಟಲಿಲ್ಲ, ಬೇಡವೆನ್ನಲೂ ಇಲ್ಲ. "ಬರ್ಕೋ ಇಶ್ಬೆಲ್. 'ಪುಸ್ತಕದ ಬರಹ ಸರಿಯಾಗಿತ್ತು. ಅದನ್ನು ಓದಿ ತೀರ್ಮಾನಿಸುವುದರಲ್ಲಿ ಮರ್ಡೋ ಅವರಿಂದ ತಪ್ಪಾಯಿತು.' ಇಷ್ಟು ಸಾಕು. ಲೋರ್ನಾ ಕಡೆಯೋರು ಕೇಳಿದ್ರೆ ತೋರಿಸೋಕೆ ಒಂದು ಇರಲಿ."

ಮೊದಲ ವಾಕ್ಯ ಬರೆದೆ. ಪುಸ್ತಕದ ಬರಹ ಸರಿಯಾಗಿತ್ತು. ಅಕ್ಷರಗಳು ಎಂದಿನಂತೆ ದುಂಡಗೆ, ಒಂದರ ಪಕ್ಕ ಒಂದು ಬಂದವು. ಎರಡನೆಯ ವಾಕ್ಯಕ್ಕೆ ಮರ್ಡೋ ಅವರ ಹೆಸರು ಬರೆದೆ. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಅವರು ಕನ್ನಡಕ ಏರಿಸಿಕೊಂಡು ಹಾಳೆಯತ್ತ ಬಾಗಿದರು. ತಮ್ಮ ಹೆಸರನ್ನು ನೋಡಿದರು.

"ಎಷ್ಟು ಚೆಂದ ಬರೀತೀಯ ಮಗಳೇ" ಎಂದರು.

ಅದರಲ್ಲಿ ಕೊಂಕಿರಲಿಲ್ಲ. ಅವರಿಗೆ ಕೊಂಕು ಬರುವುದಿಲ್ಲ. ನಿಜವಾಗಿ ಮೆಚ್ಚಿಯೇ ಹೇಳಿದರು.

ಪೆನ್ನು ಕೆಳಗಿಟ್ಟೆ. ಗ್ರೆಗರ್ ತಲೆ ಎತ್ತಿದ. ಡೇವಿನಾ, "ಏನಾಯ್ತು, ಇಂಕು ಮುಗೀತಾ?" ಎಂದು ಕೇಳಿದರು. ನಾನು ತೆರೆದಿಟ್ಟ ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡು, ನನ್ನ ಸಾಲಿನ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ:

"ಕೊರಳು ದಾಟಿ ನಾಲ್ಕೇ ಹೆಜ್ಜೆಗೆ ಹಿಮ ಬಿರುಕು ಬಿಟ್ಟಿತ್ತು, ನಾವು ವಾಪಸ್ ಬಂದ್ವಿ. ಈ ಎಡಬದಿಯ ಮಾತು ನಾನೇ ಹುಟ್ಟಿಸಿ ಬರೆದಿದ್ದು, ಮರ್ಡೋ. ಆ ತುದೀನ ನಾನು ನೋಡೇ ಇಲ್ಲ."